ಅಜ್ಜಿಯ ಮರೆವು, ಮೊಮ್ಮಗಳ ಮದುವೆ

ಹೋದ ತಿಂಗಳು ನಮ್ಮ ಬೀದಿಯಲ್ಲಿ ಒಂದು ಸಂಬಂಧ ಕೂಡಿ ಬಂದು ತಪ್ಪಿಹೋಯಿತು. ಜಾತಕ ಕೂಡಿತ್ತು, ಹುಡುಗ-ಹುಡುಗಿ ಒಪ್ಪಿದ್ದರು. ಇನ್ನೇನು ಛತ್ರ ನೋಡಬೇಕು ಅನ್ನುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಹುಡುಗನ ಮನೆಯವರ ಕಿವಿ ಊದಿದರು: ‘ಹುಡುಗಿಯ ಅಜ್ಜಿಗೆ ಅರಳು ಮರಳು. ಹೆತ್ತ ಮಗನನ್ನೇ ಯಾರಪ್ಪಾ ನೀನು ಅಂತಾರಂತೆ. ರಕ್ತದಲ್ಲೇ ಇರತ್ತೆ, ಯೋಚನೆ ಮಾಡಿ.’ ಅಷ್ಟೇ, ಆ ಕಡೆಯಿಂದ ಮತ್ತೆ ಫೋನ್ ಬರಲಿಲ್ಲ.

ಸುದ್ದಿ ಕೇಳಿ ನನ್ನ ಎದೆ ಧಸಕ್ಕೆಂದಿತು. ಎಪ್ಪತ್ತರ ನನ್ನ ಅಮ್ಮನೂ ಈಗ ಮರೆಯತೊಡಗಿದ್ದಾರೆ. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾರೆ, ನನ್ನನ್ನು ತಂಗಿಯ ಹೆಸರಿನಿಂದ ಕರೆಯುತ್ತಾರೆ. ಒಲೆಯ ಮೇಲೆ ಹಾಲು ಉಕ್ಕಿದಾಗಲೆಲ್ಲ ‘ನನಗೂ ಶುರುವಾಯಿತಾ?’ ಎಂದು ನಾನು ಬೆಚ್ಚುತ್ತೇನೆ. ನಿಮ್ಮಲ್ಲೂ ಎಷ್ಟೋ ಜನ ಹೀಗೆ ಒಳಗೊಳಗೇ ಹೆದರುತ್ತಿರಬಹುದು, ಅಲ್ಲವೇ?

ಹಾಗಾದರೆ ಮರೆವಿನ ಕಾಯಿಲೆ ನಿಜಕ್ಕೂ ವಂಶದಲ್ಲಿ ಬರುತ್ತದೆಯೇ? ಬರುತ್ತದೆ, ಆದರೆ ತೀರಾ ಅಪರೂಪಕ್ಕೆ. ಅಲ್ಜೈಮರ್ ಕಾಯಿಲೆಯವರಲ್ಲಿ ಒಂದೇ ಜೀನ್‌ನ ದೋಷದಿಂದ ನೇರವಾಗಿ ಬರುವವರು ನೂರಕ್ಕೆ ಒಬ್ಬರೂ ಇಲ್ಲ. ಅಂಥ ಮನೆಗಳಲ್ಲಿ ಕಾಯಿಲೆ ಎಪ್ಪತ್ತರವರೆಗೆ ಕಾಯುವುದಿಲ್ಲ. ಮೂವತ್ತು, ನಲವತ್ತು, ಐವತ್ತರಲ್ಲೇ, ಒಂದರ ಹಿಂದೊಂದು ತಲೆಮಾರಿನಲ್ಲಿ ಕಾಣಿಸಿಕೊಳ್ಳುತ್ತದೆ. ಅಪ್ಪನಿಗೋ ಅಮ್ಮನಿಗೋ ಆ ದೋಷವಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ.

ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಆಂಟಿಯೋಕಿಯಾ ಪ್ರಾಂತ್ಯದಲ್ಲಿ ಇಂಥದ್ದೇ ಒಂದು ದೊಡ್ಡ ಬಳಗವಿದೆ. ಸುಮಾರು ಆರು ಸಾವಿರ ಬಂಧುಗಳು. ದೋಷ ಇರುವವರಿಗೆ ನಲವತ್ತೈದರ ಆಸುಪಾಸಿನಲ್ಲಿ ಮರೆವು ಶುರು. ಊರಿನವರು ಇದಕ್ಕೆ ‘ಬೊಬೇರಾ’, ಅಂದರೆ ಪೆದ್ದುತನ, ಎಂದು ಹೆಸರಿಟ್ಟಿದ್ದರು. ಮಾಟ, ಶಾಪ ಎನ್ನುವವರೂ ಇದ್ದರು. ನಮ್ಮೂರಿನ ಮಾತೇ ಅಲ್ಲವೇ? 1980ರ ದಶಕದಲ್ಲಿ ಫ್ರಾನ್ಸಿಸ್ಕೊ ಲೊಪೇರಾ ಎಂಬ ವೈದ್ಯರು ಮತ್ತು ಅವರ ಜೊತೆಗಿದ್ದ ನರ್ಸ್ ಒಬ್ಬರು ಮನೆಮನೆಗೆ ಹೋಗಿ, ಚರ್ಚಿನ ಹಳೆಯ ದಾಖಲೆಗಳನ್ನು ತಿರುವಿ ವಂಶವೃಕ್ಷ ಬರೆದರು. ಕೊನೆಗೆ ಪ್ರಿಸೆನಿಲಿನ್-1 ಎಂಬ ಜೀನ್‌ನ ಸಣ್ಣ ತಪ್ಪೇ ಕಾರಣ ಎಂದು ಗೊತ್ತಾಯಿತು. ಶಾಪವೂ ಅಲ್ಲ, ಪೆದ್ದುತನವೂ ಅಲ್ಲ.

ಮಿದುಳಿನೊಳಗೆ ಆಗುವುದೇನು? ಅಮಿಲಾಯ್ಡ್ ಎಂಬ ಪ್ರೋಟೀನಿನ ಚೂರುಗಳು ನರಕೋಶಗಳ ನಡುವೆ ಗಸಿಯಂತೆ ಕೂರುತ್ತವೆ. ಕೋಶದೊಳಗೆ ಟೌ ಎಂಬ ಇನ್ನೊಂದು ಪ್ರೋಟೀನ್ ದಾರದ ಉಂಡೆಯಂತೆ ಗೋಜಲಾಗುತ್ತದೆ. ಕೋಶಗಳು ಸಾಯುತ್ತವೆ. ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗ ಕುಗ್ಗುತ್ತದೆ. ಇದು ಒಂದು ದಿನದ ಕೆಲಸವಲ್ಲ. ಇಂಥ ಕುಟುಂಬಗಳ ಬಗ್ಗೆ 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮರೆವು ಕಾಣುವ ಸುಮಾರು 25 ವರ್ಷ ಮೊದಲೇ ಬೆನ್ನುಹುರಿಯ ದ್ರವದಲ್ಲಿ ಬದಲಾವಣೆ ಶುರು. 15 ವರ್ಷ ಮೊದಲೇ ಮಿದುಳಿನ ಸ್ಕ್ಯಾನ್‌ನಲ್ಲಿ ಅಮಿಲಾಯ್ಡ್ ಕಾಣುತ್ತದೆ. ಮಕ್ಕಳನ್ನು ಶಾಲೆಗೆ ಕಳಿಸುತ್ತಾ, ಮನೆ ಲೆಕ್ಕ ಬರೆಯುತ್ತಾ ಚುರುಕಾಗಿರುವ ವಯಸ್ಸಿನಲ್ಲೇ!

ಆದರೆ ವಂಶವೇ ಕೊನೆಯ ಮಾತಲ್ಲ. ಅದೇ ಬಳಗದ ಒಬ್ಬ ಮಹಿಳೆಗೆ ದೋಷವಿದ್ದೂ ಎಪ್ಪತ್ತರ ದಶಕದವರೆಗೆ ಮರೆವು ತಟ್ಟಲಿಲ್ಲ. ಮಿದುಳಿನಲ್ಲಿ ಅಮಿಲಾಯ್ಡ್ ರಾಶಿ ಇತ್ತು, ಟೌ ಮಾತ್ರ ಕಡಿಮೆ. ಇನ್ನೊಂದು ಅಪರೂಪದ ಜೀನ್ ಬದಲಾವಣೆ ಆಕೆಯನ್ನು ಕಾಪಾಡಿರಬಹುದು ಎಂದು 2019ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಹೊಸ ಔಷಧಗಳ ಹುಡುಕಾಟಕ್ಕೆ ಇದು ದಾರಿ ತೋರಿದೆ. ಆ ಮನೆಯವರು ಮುಚ್ಚಿಟ್ಟಿದ್ದರೆ ಇದೆಲ್ಲ ತಿಳಿಯುತ್ತಿತ್ತೇ?

ಅದಕ್ಕೇ ನನ್ನ ಮಾತು ಇಷ್ಟು. ಎಂಬತ್ತರ ಅಜ್ಜಿಯ ಮರೆವಿಗೂ ಮೊಮ್ಮಗಳ ಮದುವೆಗೂ ಗಂಟು ಹಾಕಬೇಡಿ. ವಯಸ್ಸಾದ ಮೇಲೆ ಬರುವ ಮರೆವಿನಲ್ಲಿ ಜೀನ್‌ಗಳ ಪಾಲು ಸ್ವಲ್ಪ ಇದ್ದರೂ ಅವು ಹಣೆಬರಹ ಬರೆಯುವುದಿಲ್ಲ. ಬಿ.ಪಿ., ಸಕ್ಕರೆ, ಕಿವುಡುತನ, ಒಂಟಿತನ ಇವುಗಳಿಗೂ ಪಾಲಿದೆ. ಇವನ್ನು ನಾವು ನೋಡಿಕೊಳ್ಳಬಹುದು. ಮರೆವು ಕಂಡರೆ ಮೊದಲು ಬಿ-12, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಕೆಲವೊಮ್ಮೆ ಔಷಧದಿಂದಲೇ ಸರಿಹೋಗುತ್ತದೆ.

ಇನ್ನು ನಿಮ್ಮ ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಎರಡು-ಮೂರು ತಲೆಮಾರಿಗೆ ಮರೆವು ಬಂದಿದ್ದರೆ ಮುಚ್ಚಿಡಬೇಡಿ. ಯಾರಿಗೆ, ಯಾವ ವಯಸ್ಸಿನಲ್ಲಿ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ನಿಮ್ಹಾನ್ಸ್‌ನಂಥ ಕಡೆ ನರರೋಗ ತಜ್ಞರನ್ನು ಕಾಣಿ. ಜೀನ್ ಪರೀಕ್ಷೆ ಮೊದಲು ಕಾಯಿಲೆ ಇರುವವರಿಗೆ, ಅದೂ ಆಪ್ತಸಲಹೆಯ ನಂತರ. ಆರೋಗ್ಯವಾಗಿರುವ ಮಕ್ಕಳು ‘ನನಗೆ ತಿಳಿಯುವುದು ಬೇಡ’ ಎಂದರೆ ಒತ್ತಾಯಿಸಬೇಡಿ, ಅದು ಅವರ ಹಕ್ಕು. ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲದಿರುವಾಗ ಆ ಉತ್ತರದ ಭಾರ ಹೊರುವವರು ಅವರೇ ತಾನೇ?

ನಾನಂತೂ ಅಮ್ಮನ ಮರೆವನ್ನು ಬಂದವರ ಮುಂದೆ ಮುಚ್ಚಿಡುವುದನ್ನು ಬಿಟ್ಟಿದ್ದೇನೆ. ಅವರು ತಂಗಿಯ ಹೆಸರಿನಿಂದ ಕರೆದರೆ ‘ಏನಮ್ಮಾ?’ ಎಂದು ಓಗೊಡುತ್ತೇನೆ. ನಾಳೆ ನನ್ನ ಮಗಳ ಸಂಬಂಧ ಕೇಳಿ ಬಂದವರಿಗೂ ನಾನೇ ಹೇಳುತ್ತೇನೆ. ಅಷ್ಟಕ್ಕೇ ಎದ್ದು ಹೋಗುವವರಾದರೆ, ಹೋಗಲಿ ಬಿಡಿ.