ಕೆಲಸವೇ ಬೇರೆ, ಗಡಿಬಿಡಿಯೇ ಬೇರೆ

ಸದಸ್ಯ ಬಾಂಧವರಲ್ಲಿ ಯಾರನ್ನು ಮಾತನಾಡಿಸಿದರೂ ‘ಬಹಳ ಗಡಿಬಿಡಿ, ಪುರುಸೊತ್ತೇ ಇಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಇವೆರಡನ್ನೂ ಒಂದೇ ಅರ್ಥದಲ್ಲಿ ಬಳಸುವುದು ಸರಿಯಲ್ಲ. ಪುರುಸೊತ್ತು ಅರಬ್ಬಿ ಮೂಲದ ಶಬ್ದ; ಅಲ್ಲಿ ಅದಕ್ಕೆ ‘ಅವಕಾಶ’ವೆಂದು ಅರ್ಥ. ಅದು ಇಲ್ಲವೆಂದರೆ ಕೆಲಸ ಹೆಚ್ಚಿದೆಯೆಂದಷ್ಟೇ. ಗಡಿಬಿಡಿಯಲ್ಲಾದರೋ ಅವಸರದೊಡನೆ ಗೊಂದಲವೂ ಸೇರಿದೆ.

ರೋಣ, ನರಗುಂದ, ಗಜೇಂದ್ರಗಡದ ಎರೆಹೊಲದ ರೈತರನ್ನು ನೋಡಿರಿ. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ ಬಿತ್ತಲು ಹಸಿ ಆರುವ ಮುನ್ನ ಸಿಗುವುದು ಕೆಲವೇ ದಿನ. ಅವರಿಗೂ ಪುರುಸೊತ್ತಿಲ್ಲ. ಆದರೂ ಹದ ಬರದೆ ಕೂರಿಗೆ ಹೂಡುವುದಿಲ್ಲ. ‘ಗಡಿಬಿಡಿ ಮಾಡಬ್ಯಾಡ್ರಿ’ ಎಂಬುದು ಅಲ್ಲಿನ ಬುದ್ಧಿಮಾತು.

ನಮ್ಮಲ್ಲಿ ಅಡಿಕೆ, ಕಾಫಿ ಕೊಯ್ಲು ಒಟ್ಟಿಗೆ ಬಂದಾಗ ಹಣ್ಣಿನೊಡನೆ ಹಸಿರುಕಾಯಿಯನ್ನೂ ಉದುರಿಸಿ, ದರ ಕಡಿಮೆಯಾದಾಗ ಪೇಟೆಯನ್ನು ದೂರುತ್ತೇವೆ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ ಕಬ್ಬಿಣದ ಚಾಕು ಅದ್ದಿ, ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು. ಎರಡು ನಿಮಿಷದ ಆ ಪರೀಕ್ಷೆಯನ್ನೂ ಬಿಟ್ಟು, ಎಳೆಗಾಯಿ ಸುಟ್ಟಿತೆಂದು ಮೈಲುತುತ್ತವನ್ನು ಬೈಯುತ್ತೇವೆ.

ಕೆಲಸ ಹೆಚ್ಚಿದ್ದರೆ ನೆರೆಹೊರೆಯವರು ಸೇರಿ ಮುಯ್ಯಾಳಿನ ಏರ್ಪಾಡು ಮಾಡಿಕೊಳ್ಳೋಣ. ಗಡಿಬಿಡಿಯನ್ನು ಮಾತ್ರ ಪ್ರತಿಷ್ಠೆಯೆಂಬಂತೆ ಹೇಳಿಕೊಳ್ಳುವುದು ಬೇಡ.