ಮುತ್ತಿನಂಥ ಅಕ್ಷರ ಯಾರಿಗೆ ಬೇಕು?

"ಈ ಹುಡುಗಿಯ ಅಕ್ಷರ ಮುತ್ತಿನ ಹಾಗಿದೆ" ಎಂಬ ಹೊಗಳಿಕೆ ಕೇಳಿಯೇ ದೊಡ್ಡವಳಾದವಳು ನಾನು. ಶಾಲೆಯ ಕರಿಹಲಗೆಯಲ್ಲಿ ದಿನಕ್ಕೊಂದು ಸುಭಾಷಿತ ಬರೆಯಲು ನಾನು ಬೇಕು. ಕೇರಿಯಲ್ಲಿ ಯಾರದೇ ಮದುವೆಯಿರಲಿ, ಕಾಗದಗಳ ಮೇಲೆ ವಿಳಾಸ ಬರೆಯಲು ನಾನು ಬೇಕು. ಉಪ್ಪಿನಕಾಯಿ ಭರಣಿಯ ಚೀಟಿಗೂ ನಾನೇ. ಆದರೆ ಹಂಗಾರಕಟ್ಟೆಯ ದಡದಲ್ಲಿ, ಮಳೆ ಹಿಂದೆಗೆಯುವ ಹೊತ್ತಿಗೆ, ಹೊಸ ಬಣ್ಣ ಬಳಿದ ಬೋಟಿನ ಮುಂಭಾಗಕ್ಕೆ ಹೆಸರು ಬರೆಯುತ್ತಿದ್ದವರನ್ನು "ನಾನೂ ಒಂದಕ್ಷರ ಬರೆಯಲಾ?" ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರ: "ಎಂತ ಹೆಣೆ, ಇದ್ ಹೆಣ್ಮಕ್ಳ್ ಮಾಡು ಕೆಲ್ಸವಾ?" ಆಗ ನನಗೆ ಹನ್ನೊಂದೋ ಹನ್ನೆರಡೋ. ತಮಾಷೆಯೆಂದರೆ ಆ ಬೋಟಿನ ಹೆಸರು ಒಬ್ಬ ದೇವಿಯದು!

ಮುತ್ತು ಎಂದರೇನು? ಎಲ್ಲ ಒಂದೇ ಗಾತ್ರ, ಒಂದೇ ದಾರ, ತೆಪ್ಪಗೆ ಪೋಣಿಸಿಕೊಂಡಿರುವುದು. ನಮ್ಮ ಅಕ್ಷರ ಹಾಗಿದ್ದರೆ ಚೆಂದ, ನಾವೂ ಹಾಗಿದ್ದರೆ ಇನ್ನೂ ಚೆಂದ. ದೂರಕ್ಕೆ ಕಾಣುವ ಅಕ್ಷರ ಮಾತ್ರ ಗಂಡಸರ ಪಾಲು.

ಐವತ್ತು ದಾಟಿದ ಮೇಲೆ ಹಟ ಹಿಡಿದು ಪೇಟೆಯಲ್ಲೊಂದು ಅಕ್ಷರ ಬಿಡಿಸುವ ತರಗತಿಗೆ ಸೇರಿದೆ. ಮೊದಲ ದಿನವೇ ದುಬಾರಿ ಬ್ರಷ್ ಪೆನ್ನುಗಳ ಪೆಟ್ಟಿಗೆ ಕೊಳ್ಳಬೇಕಾಯಿತು. ಕಲಿಸಿದ್ದು ಇಂಗ್ಲಿಷಿನಲ್ಲಿ "ಹ್ಯಾಪಿ ಬರ್ತ್‌ಡೇ". ಕನ್ನಡ ಯಾವಾಗ ಎಂದರೆ, "ಕನ್ನಡಕ್ಕೆ ಅಷ್ಟು ಸ್ಟೈಲ್ ಬರುವುದಿಲ್ಲ ಮೇಡಂ" ಎಂದರು.

ಬರುವುದಿಲ್ಲವೆ? 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಮುದ್ರಣಗೊಂಡದ್ದು. ಕೈಯಲ್ಲಿ ಬರೆದ ಅಕ್ಷರವನ್ನು ಕಲ್ಲಿಗಿಳಿಸಿ ತೆಗೆದ ಪತ್ರಿಕೆ ಅದು. ಕನ್ನಡದ ಮೊದಲ ಪತ್ರಿಕೆಯೇ ಕೈಬರಹ ಎಂದ ಮೇಲೆ ಸ್ಟೈಲಿನ ಮಾತು ನಮಗೇಕೆ ಹೇಳುತ್ತೀರಿ?

ಆ ಪೆಟ್ಟಿಗೆ ಈಗ ಮೊಮ್ಮಗಳ ಆಟಕ್ಕೆ. ಕಲಿಯಬೇಕೆನ್ನುವ ಅಕ್ಕಂದಿರೇ, ದಯವಿಟ್ಟು ಏನನ್ನೂ ಕೊಳ್ಳಬೇಡಿ. ಸೀಮೆಸುಣ್ಣದ ತುಂಡನ್ನು ಅಡ್ಡ ಹಿಡಿದು ಸಿಮೆಂಟಿನ ಅಂಗಳದಲ್ಲಿ ಗೇಣುದ್ದದ 'ರ' ಬರೆಯಿರಿ. ಮಣಿಕಟ್ಟಲ್ಲ, ಭುಜ ತಿರುಗಬೇಕು. ರಂಗೋಲಿ ಹಾಕಿದ ತೋಳಿಗೆ ಇದೇನು ಹೊಸತಲ್ಲ. 'ರ' ಪಳಗಿದರೆ ಠ, ದ, ಧ, ಥ ಬೆನ್ನಿಗೇ ಬರುತ್ತವೆ. ಇಂಗ್ಲಿಷಿನ ನಾಲ್ಕು ಗೆರೆ ಪುಸ್ತಕ ನಮಗೆ ಹೊಂದದು, ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ಕೆಳಗೆ ಒತ್ತು. ಆದ್ದರಿಂದ ಅಡಿಗೆರೆಯ ಕೆಳಗೆ ಧಾರಾಳ ಜಾಗ ಬಿಡಿ. ದುಂಡಗಿನ ಅಕ್ಷರವನ್ನು ಎರಡು ಗೆರೆಗಳ ನಡುವೆ ಲೆಕ್ಕಕ್ಕೆ ಸರಿಯಾಗಿ ಕೂರಿಸಿದರೆ ಸಣ್ಣದಾಗಿ ಕಾಣುತ್ತದೆ, ಕೂದಲೆಳೆಯಷ್ಟು ಗೆರೆ ದಾಟಲಿ. ಅಕ್ಷರಗಳ ನಡುವಿನ ಅಂತರಕ್ಕೆ ಸ್ಕೇಲ್ ಬೇಡ, ಕಣ್ಣು ಸಾಕು.

ನಾನು ಮೊದಲು ಅಭ್ಯಾಸ ಮಾಡಿದ ಪದ ಊರಿನದೇ. 'ಹಂಗಾರಕಟ್ಟೆ' ಬರೆದು ನೋಡಿ. ಹಂ, ಗಾ, ರ, ಕ ನೀರ ಮೇಲೆ ತೇಲುತ್ತವೆ. ಕೊನೆಯ 'ಟ್ಟೆ'ಯೊಂದೇ ಒತ್ತಿನ ಭಾರಕ್ಕೆ ಕೆಳಗಿಳಿಯುತ್ತದೆ, ಹಿಂಬದಿಗೆ ಮೀನು ತುಂಬಿದ ದೋಣಿಯ ಹಾಗೆ. ಈ ಭಾರವನ್ನು ಸಂಭಾಳಿಸಲು ನನಗೆ ಎರಡು ತಿಂಗಳೇ ಹಿಡಿಯಿತು.

"ಫ್ಲೆಕ್ಸ್ ಬಂದು ಪೇಂಟರುಗಳೇ ಕೆಲಸ ಬಿಟ್ಟರು, ಈಗ ನಿನಗೇಕೆ?" ಎನ್ನುತ್ತಾರೆ ಮನೆಯವರು. ಕಸುಬು ಕಳೆದುಕೊಂಡವರ ಸಂಕಟ ಸಣ್ಣದಲ್ಲ, ಅದರ ಬಗ್ಗೆ ಹಗುರಾಗಿ ಮಾತಾಡಲಾರೆ. ಆದರೆ 2016ರಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸೂ ಆ ಪಟ್ಟಿಯಲ್ಲಿತ್ತು ಎಂಬುದು ಎಷ್ಟು ಜನರಿಗೆ ನೆನಪಿದೆ? ಆಮೇಲೂ ಮೂರು ದಾರಿ ಕೂಡುವಲ್ಲೆಲ್ಲ ಅದೇ ನೇತಾಡುತ್ತದೆ, ಗಾಳಿಗೆ ಹರಿದು ತೋಡಿಗೆ ಬೀಳುತ್ತದೆ. ನಾವೇ ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಒಂದು ದಿನದ ಫ್ಲೆಕ್ಸಿಗೆ ದುಡ್ಡು ತೆರುತ್ತೇವೆ. ಅದರಲ್ಲಿ ನಮ್ಮದೇ ಹೆಸರು ತಪ್ಪಾಗಿ ಅಚ್ಚಾಗಿರುತ್ತದೆ! ಸಂಘದಲ್ಲಿ ಮೂವತ್ತು ಜನ ಮುತ್ತಿನಕ್ಷರದವರಿದ್ದೇವೆ. ಒಂದು ಹಲಗೆ, ಒಂದು ಡಬ್ಬಿ ಎನಾಮಲ್ ಬಣ್ಣ, ಒಂದು ಚಪ್ಪಟೆ ಬ್ರಷ್ ತರಲು ಯಾರ ಅಪ್ಪಣೆ ಬೇಕು?

ಕಳೆದ ವರ್ಷ ಸಂಬಂಧಿಕರ ಸಣ್ಣ ದೋಣಿಯೊಂದಕ್ಕೆ ಹೆಸರು ಬರೆದೆ. ನೋಡಲು ನಾಲ್ಕು ಜನ ಸೇರಿದ್ದರು, ಕೈ ನಡುಗಿತು. 'ಶ್ರೀ'ಯ ರಕಾರದ ಒತ್ತು ಓರೆಯಾಗಿದೆ. ಆದರೆ ಕೋಡಿಬೆಂಗ್ರೆಗೆ ದಾಟಲು ನಿಂತವರಿಗೆ ದಡದಿಂದಲೇ ಓದಲು ಬರುತ್ತದೆ.