ಹಳೆಯ ಜೆಟ್ ಸ್ಕೀಯೂ ಬಿಡಿಭಾಗಗಳ ವ್ಯಾಪಾರವೂ

ಬಳಸಿದ ಯಂತ್ರಗಳನ್ನು ಕೊಳ್ಳುವುದು ನಮ್ಮ ಸದಸ್ಯ ಬಾಂಧವರಿಗೆ ಹೊಸ ವಿಷಯವೇನಲ್ಲ. ಲೇತಾಗಲಿ, ಕಂಪ್ರೆಸರಾಗಲಿ, ಡೀಸೆಲ್ ಜನರೇಟರಾಗಲಿ, ತಮ್ಮ ಮೊದಲ ಯಂತ್ರವನ್ನು ಹೊಸದಾಗಿಯೇ ಕೊಂಡವರು ಸಣ್ಣ ಉದ್ಯಮಿಗಳಲ್ಲಿ ವಿರಳ. ಆದಾಗ್ಯೂ ಹಳೆಯ ಯಂತ್ರದ ಬೆಲೆಯನ್ನು ಯಾವ ಆಧಾರದ ಮೇಲೆ ಕಟ್ಟಬೇಕೆಂಬುದರ ಬಗ್ಗೆ ನಾವು ಸಾಕಷ್ಟು ಯೋಚಿಸಿದಂತೆ ಕಾಣುವುದಿಲ್ಲ. ಮೇಲಿನ ಬಣ್ಣ, ತಯಾರಿಕೆಯ ವರ್ಷ, ಮಾರುವವನ ಮಾತು ಈ ಮೂರನ್ನು ಹಿಡಿದೇ ಚೌಕಾಶಿ ನಡೆಯುತ್ತದೆ. ಆ ಯಂತ್ರಕ್ಕೆ ಬೇಕಾದ ಬಿಡಿಭಾಗ ಇಂದು ಸಿಗುತ್ತದೆಯೇ, ಹತ್ತು ವರ್ಷದ ನಂತರವೂ ಸಿಕ್ಕೀತೇ ಎಂಬ ಪ್ರಶ್ನೆ ಹಣ ಕೊಟ್ಟು ಯಂತ್ರವನ್ನು ಮನೆಗೆ ತಂದ ಮೇಲೆ ಏಳುತ್ತದೆ. ನನ್ನ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ. ಇದನ್ನು ನನಗೆ ಮನಗಾಣಿಸಿದ್ದು ಕಾರ್ಖಾನೆಯ ಯಂತ್ರವಲ್ಲ, ಅಮೆರಿಕೆಯಲ್ಲಿ ನನ್ನ ಸೋದರಳಿಯನು ಕೊಂಡ ಒಂದು ಹಳೆಯ ಜೆಟ್ ಸ್ಕೀ. ಆಟದ ಸಾಮಾನಿನ ವಿಷಯ ವಾಣಿಜ್ಯ ಪತ್ರಿಕೆಗೇಕೆ ಎಂದು ಓದುಗರು ಕೇಳಬಹುದು. ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ಜೆಟ್ ಸ್ಕೀ ಎಂಬುದು ವಾಸ್ತವವಾಗಿ ಕವಾಸಾಕಿ ಕಂಪನಿಯ ವ್ಯಾಪಾರ ಚಿಹ್ನೆ. ಆಡುಮಾತಿನಲ್ಲಿ ಎಲ್ಲ ಕಂಪನಿಗಳ ವಾಹನಕ್ಕೂ ಅದೇ ಹೆಸರು ಅಂಟಿಕೊಂಡಿದೆ. ನಮ್ಮ ಮಲ್ಪೆ, ಮುರುಡೇಶ್ವರದಂತಹ ಕಡಲತೀರಗಳಲ್ಲಿ ಪ್ರವಾಸಿಗರನ್ನು ಹಿಂದೆ ಕೂರಿಸಿಕೊಂಡು ಓಡುವುದು ಸ್ಕೂಟರಿನಂತಹ ಆಸನವುಳ್ಳ ಮಾದರಿ. ನಾನು ಹೇಳಹೊರಟಿರುವುದು ಆಸನವೇ ಇಲ್ಲದ, ಒಬ್ಬನೇ ನಿಂತು ಓಡಿಸುವ ಮಾದರಿಯನ್ನು ಕುರಿತು. ಕ್ಲೇಟನ್ ಜೇಕಬ್ಸನ್ ಎಂಬ ಅಮೆರಿಕನ್ನನ ಕಲ್ಪನೆಯಿಂದ ಹುಟ್ಟಿದ ಇದನ್ನು ಕವಾಸಾಕಿ 1973ರಲ್ಲಿ ಮಾರುಕಟ್ಟೆಗೆ ತಂದಿತು. ಯಮಾಹಾ ಕಂಪನಿಯ ಸೂಪರ್‌ಜೆಟ್ 1990ರಲ್ಲಿ ಬಂತು. ಮುಂದೆ ಕೀಲಿನ ಮೇಲೆ ಮೇಲಕ್ಕೂ ಕೆಳಕ್ಕೂ ಆಡುವ ಉದ್ದನೆಯ ಹಿಡಿಕೆ, ಹಿಂದೆ ನಿಲ್ಲಲು ತೊಟ್ಟಿಯಂತಹ ಜಾಗ, ನಡುವೆ ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನು. ನೀರಿನಲ್ಲಿ ತಿರುಗುವ ಬಯಲು ಪಂಖ ಇದಕ್ಕಿಲ್ಲ. ಒಡಲಿನ ತಳದಿಂದ ನೀರನ್ನು ಹೀರಿ ಹಿಂದಕ್ಕೆ ರಭಸದಿಂದ ಚಿಮ್ಮುವ ಪಂಪೇ ಇದನ್ನು ಮುಂದಕ್ಕೆ ನೂಕುತ್ತದೆ.

ಪಂಪಿನ ಬಿಡಿಭಾಗಗಳ ಸಣ್ಣ ಘಟಕವೊಂದನ್ನು ಇಪ್ಪತ್ತೆಂಟು ವರ್ಷಗಳಿಂದ ನಡೆಸಿಕೊಂಡು ಬಂದಿರುವ ನನಗೆ ಅದರ ಒಳಗನ್ನು ನೋಡಿದೊಡನೆ ಊರಿನವರು ಸಿಕ್ಕಂತಾಯಿತು. ಒಳಗೆ ಇಂಪೆಲ್ಲರ್, ಅದರ ಸುತ್ತ ವೇರ್ ರಿಂಗ್, ಎರಡರ ನಡುವೆ ಒಂದು ಮಿಲಿಮೀಟರಿಗಿಂತ ಕಡಿಮೆ ಸಂದು. ಮರಳು, ಕಲ್ಲು ಹೊಕ್ಕು ಸಂದು ಹಿಗ್ಗಿದರೆ ಎಂಜಿನು ಎಷ್ಟೇ ಕೂಗಿದರೂ ವಾಹನ ಓಡದು. ನಮ್ಮ ಬೋರ್‌ವೆಲ್ ಪಂಪುಗಳ ಕಾಯಿಲೆಯೂ ಇದೇ ತಾನೆ!

ಸೋದರಳಿಯನು ಮಿಷಿಗನ್ ರಾಜ್ಯದಲ್ಲಿ ಸರೋವರವೊಂದರ ಸಮೀಪ ವಾಸಿಸುತ್ತಾನೆ. 2023ರ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋದಾಗ ಬಳಸಿದ ಸೂಪರ್‌ಜೆಟ್ ಒಂದರ ಶೋಧದಲ್ಲಿದ್ದ. ಮೊದಲು ನೋಡಿದ ಯಂತ್ರ ಕಣ್ಣಿಗೆ ಹಬ್ಬ: ಹೊಸ ಬಣ್ಣ, ಹೊಸ ಚಿತ್ರಪಟ್ಟಿಗಳು, ಕಾಲಡಿಗೆ ಹೊಸ ರಬ್ಬರು ಹಾಸು. ಎಂಜಿನು ಈಗಷ್ಟೇ ಬಿಚ್ಚಿ ಕಟ್ಟಿದ್ದೆಂದು ಮಾರುವವನು ಹೇಳಿದ; ಕಟ್ಟಿದವನ ರಸೀದಿ ಕೇಳಿದಾಗ ಮಾತು ಬೇರೆ ಕಡೆ ಹೊರಳಿತು. ಬೆಲೆ 5,500 ಡಾಲರು. ನಾವು ಎರಡೂ ಪ್ಲಗ್ ತೆಗೆದು, ಥ್ರಾಟಲನ್ನು ಪೂರ್ತಿ ತೆರೆದಿಟ್ಟು ಕಂಪ್ರೆಷನ್ ಅಳೆದೆವು. ಒಂದು ಸಿಲಿಂಡರಿನಲ್ಲಿ ಚದರ ಅಂಗುಲಕ್ಕೆ 150 ಪೌಂಡು, ಇನ್ನೊಂದರಲ್ಲಿ 112. ಮಾಪಕದಿಂದ ಮಾಪಕಕ್ಕೆ ಅಂಕಿ ಬದಲಾಗುವುದರಿಂದ ಒಟ್ಟು ಅಂಕಿಗಿಂತ ಎರಡರ ನಡುವಣ ಅಂತರವೇ ಮುಖ್ಯ. ಅದು ಶೇಕಡಾ 10ನ್ನು ಮೀರಿದರೆ ಒಳಗೆ ಪಿಸ್ಟನ್ನೋ ರಿಂಗೋ ಹೋಗಿದೆ ಎಂದೇ ಅರ್ಥ. ನಮಸ್ಕಾರ ಹೇಳಿ ಹೊರಟೆವು.

ಎರಡನೆಯದು 1998ರ ಯಂತ್ರ. ಬಿಸಿಲಿಗೆ ಬಣ್ಣ ಮಾಸಿತ್ತು, ಮೂಗಿನ ಬಳಿ ಪೆಟ್ಟು ಬಿದ್ದು ತೇಪೆ ಹಾಕಿದ ಗುರುತಿತ್ತು. ಹಿಡಿಕೆಯ ಕೀಲಿನ ಬುಡದಲ್ಲಿ ಮಾತ್ರ ಬಿರುಕಿರಲಿಲ್ಲ. ಈ ಮಾದರಿಯಲ್ಲಿ ಒಡಲು ಸೀಳುವುದು ಅಲ್ಲಿಂದಲೇ. ಒಡಲಿನ ಗುರುತು ಸಂಖ್ಯೆ ನೋಂದಣಿ ಕಾಗದದೊಂದಿಗೆ ತಾಳೆಯಾಯಿತು. ಅಮೆರಿಕೆಯಲ್ಲಿ 1972ರ ನವೆಂಬರಿನಿಂದ ಪ್ರತಿಯೊಂದು ದೋಣಿಯೂ ಇಂತಹ ಸಂಖ್ಯೆಯನ್ನು ಹೊತ್ತಿರಬೇಕು. ಅದನ್ನು ಕೆರೆದು ಅಳಿಸಿದ್ದರೆ ಕಳವಿನ ಮಾಲೆಂದು ಶಂಕಿಸಬೇಕು. ಯಂತ್ರದ ತೂಕವನ್ನೂ ನೋಡಿದೆವು. ಏಕೆಂದರೆ ಒಡಲಿನ ಒಳಗೆ ತುಂಬಿರುವ ನೊರೆಪದರ ವರ್ಷಗಟ್ಟಲೆ ನೀರು ಕುಡಿದರೆ ಹತ್ತಾರು ಕಿಲೋ ಹೆಚ್ಚಿಕೊಂಡು ಕುಳಿತಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಉಪ್ಪುನೀರು ಕಾಣದೆ ಸರೋವರದಲ್ಲೇ ಓಡಿದ ಯಂತ್ರವಾದ್ದರಿಂದ ತಂಪುನೀರಿನ ದಾರಿಗಳು ತುಕ್ಕು ಹಿಡಿದಿರಲಿಲ್ಲ. ಕಂಪ್ರೆಷನ್ 140 ಮತ್ತು 138. ವ್ಯಾಪಾರ 3,300 ಡಾಲರಿಗೆ ಕುದುರಿತು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಎಂಜಿನಿನ ಹೀರುದ್ವಾರ, ಹೊಗೆದ್ವಾರಗಳನ್ನು ಮುಚ್ಚಿ ಕೈಪಂಪಿನಿಂದ ಸ್ವಲ್ಪ ಗಾಳಿ ತುಂಬಿ, ಮಾಪಕದ ಮುಳ್ಳು ಇಳಿಯುತ್ತದೆಯೇ ಎಂದು ನೋಡುವ ಪರೀಕ್ಷೆಯೊಂದಿದೆ. ಕ್ರ್ಯಾಂಕ್ ಶಾಫ್ಟಿನ ಸೀಲುಗಳು ಸರಿಯಿವೆಯೇ ಎಂಬುದು ಅದರಿಂದ ಮಾತ್ರ ಗೊತ್ತಾಗುತ್ತದೆ. ಸೋದರಳಿಯನು ಅದನ್ನೂ ಮಾಡೋಣವೆಂದ. ಎರಡು ಸಿಲಿಂಡರೂ ಸಮನಾಗಿರುವಾಗ ಮತ್ತೇನು ಬೇಕು ಎಂದು ನಾನು ಅನುಭವಸ್ಥನ ಗತ್ತಿನಲ್ಲಿ ತಡೆದೆ. ಕಾರ್ಬ್ಯುರೇಟರಿನ ಗಟ್ಟಿಯಾಗಿದ್ದ ಡಯಾಫ್ರಾಂಗಳು, ಪೆಟ್ರೋಲಿನ ಹಳೆಯ ಕೊಳವೆಗಳು, ಎಂಜಿನನ್ನು ಶಾಫ್ಟಿಗೆ ಜೋಡಿಸುವ ರಬ್ಬರು, ಬ್ಯಾಟರಿ ಇವನ್ನು ಬದಲಾಯಿಸಲು ಸುಮಾರು 600 ಡಾಲರು ಖರ್ಚಾಯಿತು. ಅಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇಕಡಾ 10 ಎಥನಾಲ್ ಇರುವುದರಿಂದ ಹಳೆಯ ರಬ್ಬರು ಬೇಗ ಕೆಡುತ್ತದೆ. ಶೇಕಡಾ 20ರ ಮಿಶ್ರಣಕ್ಕೆ ಬಂದಿರುವ ನಮ್ಮಲ್ಲಿ ಹಳೆಯ ಪೆಟ್ರೋಲ್ ಎಂಜಿನುಗಳನ್ನು ಇಟ್ಟುಕೊಂಡವರು ಇದನ್ನು ಗಮನಿಸುವುದು ಒಳಿತು. ನೀರಿಗಿಳಿಸಿದ ನಾಲ್ಕನೆಯ ದಿನ ಎಂಜಿನು ಹಿಡಿದುಕೊಂಡು ನಿಂತಿತು. ಸವೆದ ಸೀಲಿನ ಮೂಲಕ ಗಾಳಿ ಒಳಹೊಕ್ಕು ಮಿಶ್ರಣ ತೆಳುವಾಗಿತ್ತು. ಟೂ ಸ್ಟ್ರೋಕ್ ಎಂಜಿನಿನಲ್ಲಿ ಪೆಟ್ರೋಲಿನೊಡನೆಯೇ ಎಣ್ಣೆಯೂ ಬರಬೇಕಾದ್ದರಿಂದ ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಪಿಸ್ಟನ್ ಸುಟ್ಟಿತ್ತು, ಸಿಲಿಂಡರಿನ ಗೋಡೆ ಗೀರಿತ್ತು. ಒಂದು ಗಂಟೆಯ ಪರೀಕ್ಷೆಯನ್ನು ಉಳಿಸಲು ಹೋಗಿ ಹುಡುಗನಿಗೆ 1,100 ಡಾಲರಿನ ನಷ್ಟ ಮಾಡಿದೆ. ಅವನು ಏನೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ನನ್ನ ಆಶ್ಚರ್ಯ ಆರಂಭವಾದದ್ದು ಇದರ ನಂತರ. ಇಪ್ಪತ್ತೈದು ವರ್ಷದ ಯಂತ್ರ. ಇನ್ನು ಗುಜರಿಗೆ ಎಂದೇ ಭಾವಿಸಿದ್ದೆ. ಸಂಜೆ ಬೇಡಿಕೆ ಸಲ್ಲಿಸಿದರೆ ಐದನೆಯ ದಿನ ಪಿಸ್ಟನ್, ರಿಂಗು, ಗ್ಯಾಸ್ಕೆಟ್, ಸೀಲುಗಳು ಬಾಗಿಲಿಗೆ ಬಂದವು. ಕ್ರ್ಯಾಂಕನ್ನು ಬಿಚ್ಚಿ ಹೊಸ ಬೇರಿಂಗಿನೊಡನೆ ಕಟ್ಟಿಕೊಡುವ ಕಸುಬುದಾರರಿದ್ದರು. ಪಿಸ್ಟನ್ನಿಗೆ ಒಹಾಯೊ ರಾಜ್ಯದ ವೈಸೆಕೊ, ಇಂಪೆಲ್ಲರಿಗೆ ತೈವಾನಿನ ಸೋಲಾಸ್, ಅಮೆರಿಕೆಯ ಸ್ಕ್ಯಾಟ್ ಟ್ರ್ಯಾಕ್, ಕಾಲಡಿಯ ಹಾಸಿಗೆ ಹೈಡ್ರೋಟರ್ಫ್. ಇವಲ್ಲದೆ ಹಿಡಿಕೆ, ತಳದ ತಟ್ಟೆ, ನೀರು ಹೀರುವ ಬಾಯಿಯ ಜಾಲರಿ ಇಷ್ಟನ್ನೇ ಮಾಡಿ ಬದುಕುವ, ಹತ್ತಾರು ಕೆಲಸಗಾರರ ಪುಟ್ಟ ಘಟಕಗಳೂ ಇವೆ. ಮೂಲ ಕಂಪನಿಯ ಬಿಡಿಭಾಗಗಳ ಸಂಖ್ಯೆಗಳನ್ನು ಚಿತ್ರಸಹಿತ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು. 

ಇದು ಹೇಗೆ ಸಾಧ್ಯವಾಯಿತು? ಸೂಪರ್‌ಜೆಟ್‌ಗೆ 701 ಘನ ಸೆಂಟಿಮೀಟರಿನ ಎಂಜಿನು ಬಂದದ್ದು 1994ರಲ್ಲಿ. ಒಡಲು 1996ರಲ್ಲಿ ಹೊಸದಾಯಿತು, 2008ರಲ್ಲಿ ಮತ್ತೊಮ್ಮೆ ಪರಿಷ್ಕೃತವಾಯಿತು. ಎಂಜಿನು ಮಾತ್ರ ಮೂಲತಃ ಅದೇ ಆಗಿ 2020ರವರೆಗೆ ನಡೆಯಿತು. ಕುಳಿತು ಓಡಿಸುವ ಕೆಲವು ಯಮಾಹಾ ಮಾದರಿಗಳಲ್ಲೂ ಅದನ್ನೇ ಬಳಸಿದ್ದರಿಂದ ಗುಜರಿ ಅಂಗಳಗಳಲ್ಲೂ ಭಾಗಗಳು ಸಿಗುತ್ತವೆ. ಅಳತೆ ಬದಲಾಗದೆ ಕಾಲು ಶತಮಾನ ನಿಂತಾಗ ಸಣ್ಣ ತಯಾರಕನು ಅಚ್ಚಿಗೆ ಹಾಕಿದ ಹಣ ಮರಳಿ ಬರುತ್ತದೆಂಬ ಧೈರ್ಯದಿಂದ ಕೈಹಾಕುತ್ತಾನೆ. ಬಿಡಿಭಾಗ ಸಿಗುತ್ತದೆಂಬ ಕಾರಣಕ್ಕೆ ಹಳೆಯ ಯಂತ್ರ ಬೆಲೆ ಉಳಿಸಿಕೊಳ್ಳುತ್ತದೆ. ಹಳೆಯದಕ್ಕೆ ಬೆಲೆಯುಂಟೆಂಬ ಕಾರಣಕ್ಕೆ ಹೊಸದನ್ನು ಕೊಳ್ಳುವವನೂ ಹೆದರುವುದಿಲ್ಲ. ಇದನ್ನು ಕಂಪನಿಯ ಔದಾರ್ಯವೆಂದು ನಾನು ಹೊಗಳಲಾರೆ. ಮಾರಾಟ ಕಡಿಮೆಯಿರುವ ಮಾದರಿಗೆ ಹೊಸ ಎಂಜಿನು ರೂಪಿಸುವ ಖರ್ಚು ಬೇಡವೆನಿಸಿರಬಹುದು. ಉದ್ದೇಶ ಏನೇ ಇರಲಿ, ಫಲ ಕಣ್ಣ ಮುಂದಿದೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಕಾರ್ಬ್ಯುರೇಟರಿನ ಟೂ ಸ್ಟ್ರೋಕ್ ಎಂಜಿನು ಇಂಧನದ ಗಣನೀಯ ಪಾಲನ್ನು ಸುಡದೆಯೇ ನೀರಿಗೆ ಬಿಡುತ್ತದೆ. ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ಗಡಿಯ ಟಾಹೋ ಸರೋವರದಲ್ಲಿ ಅವುಗಳನ್ನು 1999ರ ಜೂನಿನಿಂದಲೇ ನಿಷೇಧಿಸಲಾಯಿತು. ತನ್ನ ಊರಿನ ಸರೋವರದ ನಿಯಮ ತಿಳಿಯದೆ ಹಳೆಯ ಯಂತ್ರ ಕೊಂಡವನಿಗೆ ಅದು ಅಂಗಳದ ಅಲಂಕಾರವಾಗಿ ಉಳಿದೀತು. ಯಮಾಹಾ 2021ರಲ್ಲಿ 1,049 ಘನ ಸೆಂಟಿಮೀಟರಿನ ಮೂರು ಸಿಲಿಂಡರುಗಳ ಫೋರ್ ಸ್ಟ್ರೋಕ್ ಎಂಜಿನಿಗೆ ಹೊರಳಿತು. ಕವಾಸಾಕಿ 2017ರಲ್ಲೇ ಹೊರಳಿತ್ತು. ಗಾಳಿ, ನೀರಿನ ದೃಷ್ಟಿಯಿಂದ ಇದು ಸರಿಯಾದ ಹೆಜ್ಜೆಯೇ. ಬದಲಾವಣೆ ಬೇಡವೆಂಬುದು ನನ್ನ ವಾದವಲ್ಲ. ಕಾರಣವಿದ್ದಾಗ ಬದಲಾಯಿಸಬೇಕು, ನಾಲ್ಕು ಕಾಸು ಉಳಿಸಲು ಬದಲಾಯಿಸಬಾರದು ಎಂಬುದಷ್ಟೇ.

ನಮ್ಮಲ್ಲಿ ಯಾರಾದರೂ ಇಂತಹ ಹಳೆಯ ಜೆಟ್ ಸ್ಕೀಗಳನ್ನು ತರಿಸಿ ಮಾರುವ ಯೋಚನೆ ಮಾಡುವುದಾದರೆ ಒಂದು ಮಾತು. ಉತ್ಪಾದನಾ ಯಂತ್ರೋಪಕರಣಗಳಲ್ಲದ ಬಳಸಿದ ಸರಕಿನ ಆಮದು ನಮ್ಮ ವಿದೇಶ ವ್ಯಾಪಾರ ನೀತಿಯಡಿ ನಿರ್ಬಂಧಿತ, ಪರವಾನಗಿ ಬೇಕು. ವಿಹಾರ ಮತ್ತು ಕ್ರೀಡಾ ದೋಣಿಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40. ಆ ವ್ಯಾಪಾರದಲ್ಲಿ ನನಗೆ ಲಾಭ ಕಾಣುವುದಿಲ್ಲ. ಬೆಳಗಾವಿ, ಶಿವಮೊಗ್ಗಗಳ ಎರಕದವರಿಗೆ, ಹುಬ್ಬಳ್ಳಿ, ಪೀಣ್ಯದ ಯಂತ್ರಗಾರರಿಗೆ ಕಾಣಬೇಕಾದದ್ದು ಬಿಡಿಭಾಗದ ಮಾರುಕಟ್ಟೆ. ಅದು ಜೆಟ್ ಸ್ಕೀಯದೇ ಆಗಬೇಕೆಂದಿಲ್ಲ. ತಯಾರಿಕೆ ನಿಂತು ಹತ್ತು ವರ್ಷವಾದರೂ ಬಳಕೆಯಲ್ಲಿರುವ ಪಂಪು, ಟಿಲ್ಲರು, ಎಂಜಿನುಗಳು ನಮ್ಮ ಹಳ್ಳಿಗಳಲ್ಲಿ ಲೆಕ್ಕವಿಲ್ಲದಷ್ಟಿವೆ.

ಹೀಗೆ ಉಪದೇಶ ಮಾಡುವ ನಾನೇ ಇದಕ್ಕೆ ವಿರುದ್ಧವಾಗಿ ನಡೆದವನು. 2012ರಲ್ಲಿ ಲೋಹದ ಬೆಲೆ ಏರಿದಾಗ ನಮ್ಮ ಘಟಕದ ಒಂದು ಪಂಪು ಕವಚದ ಬೋಲ್ಟು ರಂಧ್ರಗಳನ್ನು ನಾಲ್ಕು ಮಿಲಿಮೀಟರ್ ಒಳಕ್ಕೆ ಸರಿಸಿ ಕವಚವೊಂದಕ್ಕೆ 180 ಗ್ರಾಂ ಉಳಿಸಿದೆ. ಆ ವರ್ಷ ಅದನ್ನು ಜಾಣತನವೆಂದೇ ಬಗೆದಿದ್ದೆ. ಎರಡು ವರ್ಷದ ನಂತರ ಹಾವೇರಿ ಕಡೆಯ ವ್ಯಾಪಾರಿಯೊಬ್ಬರು ಹಳೆಯ ಕವಚ ಹಿಡಿದು ಬಂದರು. ಹೊಸದು ಕೂರುವುದಿಲ್ಲ ಎಂದೆ. ಒಂದು ಕವಚಕ್ಕಾಗಿ ರೈತರು ಇಡೀ ಪಂಪನ್ನೇ ಎಸೆಯಬೇಕಾಯಿತು. ಎಸೆದವರು ಮುಂದಿನ ಸಲ ನಮ್ಮ ಮಾಲನ್ನು ಕೊಳ್ಳಲಿಲ್ಲ. ಆ ವ್ಯಾಪಾರಿ ಮುಂದೆ ನಮ್ಮಲ್ಲಿಗೆ ಬರುವುದನ್ನೇ ಬಿಟ್ಟರು. ಉಳಿಸಿದ ಲೋಹದ ಲೆಕ್ಕ ನನ್ನ ಪುಸ್ತಕದಲ್ಲಿದೆ, ಕಳೆದುಕೊಂಡ ಗಿರಾಕಿಯ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಆದ್ದರಿಂದ ಸಂಸ್ಥೆಯ ಮುಂದೆ ಒಂದು ಸಲಹೆಯನ್ನು ಇಡಬಯಸುತ್ತೇನೆ. ಸದಸ್ಯ ತಯಾರಕರು ತಾವು ನಿಲ್ಲಿಸಿದ ಉತ್ಪನ್ನಗಳ ಮುಖ್ಯ ಅಳತೆಗಳನ್ನು, ನಕ್ಷೆ ಕೊಡಲು ಮನಸ್ಸಿಲ್ಲದಿದ್ದರೆ ಕೂರುವ ಅಳತೆಗಳನ್ನಾದರೂ, ಸಂಸ್ಥೆಯ ಕಚೇರಿಯಲ್ಲಿ ಒಂದು ವಹಿಯಲ್ಲಿ ದಾಖಲಿಸಲಿ. ಯಾವ ಘಟಕ ಬೇಕಾದರೂ ಅದನ್ನು ನೋಡಿ ಆ ಭಾಗವನ್ನು ಮಾಡಿ ಮಾರಲಿ. ಪೈಪೋಟಿಯ ಭಯ ಪಡುವವರಿಗೆ ನನ್ನ ಉತ್ತರ ಇಷ್ಟೇ: ನಾವು ಮಾಡುವುದನ್ನೇ ನಿಲ್ಲಿಸಿದ ವಸ್ತುವಿನಲ್ಲಿ ಪೈಪೋಟಿ ಎಲ್ಲಿಂದ ಬಂತು?

ಸೋದರಳಿಯನ ಯಂತ್ರಕ್ಕೆ ಒಟ್ಟು 5,000 ಡಾಲರು ತಗುಲಿತು. ಹೊಸದಕ್ಕೆ ಹತ್ತು ಸಾವಿರದ ಆಸುಪಾಸು ಆಗುತ್ತಿತ್ತು. ಮೂರನೆಯ ಬೇಸಿಗೆಯನ್ನೂ ಅದು ತೊಂದರೆಯಿಲ್ಲದೆ ಕಳೆಯಿತು. ನಾನು ಊರಿಗೆ ಮರಳಿದ ಮೇಲೆ 2012ಕ್ಕೂ ಹಿಂದಿನ ಆ ಕವಚದ ಮರದ ಅಚ್ಚನ್ನು ಎರಕದ ಮನೆಯ ಅಟ್ಟದಿಂದ ಇಳಿಸಿದೆ. ಒಂದು ಬದಿ ಸೀಳಿತ್ತು. ಬಡಗಿ ಎರಡು ವಾರ ತೆಗೆದುಕೊಂಡು ಸರಿಪಡಿಸಿಕೊಟ್ಟಿದ್ದಾರೆ. ಮೊದಲ ಐವತ್ತು ಕವಚಗಳು ಈ ತಿಂಗಳು ಎರಕಕ್ಕೆ ಹೋಗಿವೆ. ಹಾವೇರಿಗೆ ನಾನೇ ಪತ್ರ ಬರೆದಿದ್ದೇನೆ.